ಹಿಟ್ಟು ಅಂದೆ, ಬೀರು ಅಂದೆ

ಇದನ್ನು ಹೇಳುವುದನ್ನು ಮೂರು ವರ್ಷದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲ ವರ್ಷ, ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದುಕೊಂಡೆ. ಪೊರೆ ತೆಗೆಸಿದ್ದಾಯಿತು. ಆಮೇಲೆ ಹಿತ್ತಲ ಗೋಡೆ ಎದ್ದು ನಿಲ್ಲಲಿ ಅಂದುಕೊಂಡೆ. ಗೋಡೆಯೂ ನಿಂತಿತು. ಇನ್ನು ನೆವ ಉಳಿದಿಲ್ಲ. ಆದರೂ ಈ ಬೆಳಿಗ್ಗೆ ಕಾಗದ ಪೆನ್ನು ತೆಗೆದಿಟ್ಟವನು ಎರಡು ಸಲ ಎದ್ದು ಹೋಗಿ ಬಾಗಿಲಲ್ಲಿ ನಿಂತು ಮೋಡ ನೋಡಿ ಬಂದೆ. ಮೋಡದಿಂದ ನನಗೀಗ ಆಗಬೇಕಾದ್ದು ಏನೂ ಇಲ್ಲ. ಕೂರಲಾಗುವುದಿಲ್ಲ, ಅಷ್ಟೆ.

ಹೋದ ವಾರ ಕನ್ನಡಕದ ಕಡ್ಡಿ ಹಾಕಿಸಲು ಕಡೂರಿಗೆ ಹೋಗಿದ್ದೆ. ವಾಪಸು ಅಜ್ಜಂಪುರದ ಬಸ್ಸು ತಡವಾಯಿತು. ನಿಲ್ದಾಣದ ಎದುರು ಒಂದು ಅಂಗಡಿಯ ನೆರಳಲ್ಲಿ ನಿಂತೆ. ಶಾಂಪೂ ಪೊಟ್ಟಣಗಳ ಸರದ ಪಕ್ಕ ಇನ್ನೊಂದು ಸರ ನೇತಾಡುತ್ತಿತ್ತು. ಹೊಂಬಣ್ಣದ ಪೊಟ್ಟಣ, ಮೇಲೆ ನೊರೆ ಉಕ್ಕಿದ ಲೋಟದ ಚಿತ್ರ.

"ಅದೇನಪ್ಪಾ ಅದು?" ಎಂದು ಕೇಳಿದೆ.

"ಹೊಸಾದು ಬಂದೈತೆ ತಾತ. ತಣ್ಣೀರಿಗೆ ಹಾಕಿ ಕದಡಿದ್ರೆ ಬೀರ್ ಥರಾನೇ ಆಯ್ತದೆ. ಕಿಕ್ಕು ಗಿಕ್ಕು ಏನಿಲ್ಲ. ನಿಮಗ್ಯಾಕೆ ಬಿಡಿ."

"ಮೂರು ಕೊಡು."

"ಅಜ್ಜಿಗೂ ಸೇರಿಸಿ ತಗೊಂಡ್ರೇನೋ," ಎಂದು ಅವನು ನಕ್ಕ.

ಒಂದನ್ನು ಅಲ್ಲೇ ಹರಿದು ಮೂಸಿದೆ. ಹುರಿದ ಬಾರ್ಲಿ, ಅದರ ಹಿಂದೆ ಒಂದು ಕಹಿ, ಅದಕ್ಕೂ ಹಿಂದೆ ಹುಳಿ ಬಂದ ಹಿಟ್ಟಿನಂಥದ್ದೇನೋ. ಉಳಿದ ಎರಡು ಪೊಟ್ಟಣ ಈಗ ನನ್ನ ಎದುರಿಗಿವೆ. ಹಿಂಭಾಗದಲ್ಲಿ ಸಣ್ಣ ಕನ್ನಡ ಅಕ್ಷರದಲ್ಲಿ ಹೀಗಿದೆ: "ತೇವದಿಂದ ದೂರವಿಡಿ. ಬಿಸಿಲಿಗೆ ಹಾಕಬೇಡಿ." ಬಿಸಿಲಿನಿಂದ ದೂರವಿಡಿ ಎಂದು ಎಷ್ಟೋ ಡಬ್ಬಿಗಳ ಮೇಲೆ ಓದಿದ್ದೇನೆ. ಬಿಸಿಲಿಗೆ ಹಾಕಬೇಡಿ ಎಂದು ಎಲ್ಲೂ ಓದಿಲ್ಲ. ಹಪ್ಪಳ ಸಂಡಿಗೆಯನ್ನು ಬಿಸಿಲಿಗೆ ಹಾಕುತ್ತಾರೆ, ರಾಗಿ ಹಿಟ್ಟನ್ನು ಹಾಕುತ್ತಾರೆ. ಬೀರಿನ ಪುಡಿಯನ್ನು ಬಿಸಿಲಿಗೆ ಹಾಕುವ ಮನುಷ್ಯ ಇರಬಹುದು ಎಂದು ಪೊಟ್ಟಣ ಅಚ್ಚು ಹಾಕಿಸುವವರಿಗೆ ಹೇಗೆ ತೋಚಿತು? ಅಂಥ ಮನುಷ್ಯ ನನಗೆ ಗೊತ್ತಿರುವಂತೆ ಒಬ್ಬನೇ. ಅವನು ನಾನು.

ಅಜ್ಜಂಪುರದಿಂದ ತರೀಕೆರೆ ಕಡೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದ ಮೇಲೆ, ಎಡಕ್ಕೆ ತಗಡಿನ ಉದ್ದನೆಯ ಕಟ್ಟಡವೊಂದಿದೆ. ಮೊದಲು ಅಲ್ಲಿ ತೆಂಗಿನ ಹಾಲಿನ ಪುಡಿ ಮಾಡುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಇಲ್ಲಿ ಅಲೆದು ಕೊನೆಗೆ ನಲವತ್ತು ದಾಟಿದ ಮೇಲೆ ಆ ಕಾರ್ಖಾನೆ ಸೇರಿದವನು ಹತ್ತೊಂಬತ್ತು ವರ್ಷ ಅದರ ಡ್ರೈಯರ್ ನಡೆಸಿದೆ. ಎರಡು ಅಂತಸ್ತಿನಷ್ಟು ಎತ್ತರದ ಉಕ್ಕಿನ ಹಂಡೆ ಎಂದು ತಿಳಿಯಿರಿ. ಮೇಲಿನಿಂದ ಹಾಲನ್ನು ಮಂಜಿನಂತೆ ಚಿಮ್ಮಿಸುತ್ತದೆ, ಒಳಗೆ ಬಿಸಿಗಾಳಿ ಸುತ್ತುತ್ತಿರುತ್ತದೆ, ಹನಿ ಕೆಳಕ್ಕೆ ಬರುವಷ್ಟರಲ್ಲಿ ನೀರು ಹಾರಿ ಪುಡಿ ಉದುರುತ್ತದೆ. ಊರಿನಲ್ಲಿ ನನಗೆ ಡ್ರೈಯರ್ ತಿಮ್ಮಪ್ಪ ಎಂದೇ ಹೆಸರು. ಕಾರ್ಖಾನೆ ಮುಚ್ಚಿ ನಾಲ್ಕು ವರ್ಷ ಮನೆಯಲ್ಲಿ ಕೂತಾಗಲೂ ಅದೇ ಹೆಸರು. ಡ್ರೈಯರ್ ಇಲ್ಲದ ಡ್ರೈಯರ್ ತಿಮ್ಮಪ್ಪ. ಕರೆದವರಿಗೆ ಅದು ಬರೀ ಹೆಸರು, ನನಗೆ ಚುಚ್ಚಿದಂತೆ.

ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಕಡೂರಿನ ಪ್ರಶಾಂತ ಮನೆಗೆ ಬಂದ. ಅವರದ್ದು ಕೊಬ್ಬರಿ ವ್ಯಾಪಾರದ ಮನೆತನ, ತಂದೆ ಇನ್ನೂ ಮಂಡಿಯಲ್ಲಿ ಕೂರುತ್ತಿದ್ದರು. ಇವನಿಗೆ ನಲವತ್ತರ ಆಸುಪಾಸು, ಒಂದು ಕಡೆ ನಿಲ್ಲದ ಪ್ರಾಣಿ. ಜಗಲಿಯ ಮೇಲೆ ಕೂರದೆಯೇ ಕೇಳಿದ.

"ತಿಮ್ಮಪ್ಪೋರೆ, ನಿಮ್ಮ ಡ್ರೈಯರ್‌ಗೆ ಇನ್ನೂ ಜೀವ ಐತಾ?"

"ಐತೆ ಸಾರ್. ಎಣ್ಣೆ ಗಿಣ್ಣೆ ಬಿಟ್ಟು ಒಂದು ವಾರ ನೋಡ್ಕಂಡ್ರೆ ಓಡ್ತದೆ. ಕಾಯಿ ಹಾಲಾ?"

"ಕಾಯಿ ಹಾಲಲ್ಲ. ಬೀರು."

ನನ್ನ ಹೆಂಡತಿ ಪಾರ್ವತಿ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

"ಹೆದರ್ಕೋಬೇಡಿ ಅಮ್ಮ," ಎಂದ ಪ್ರಶಾಂತ. "ಬೀರ್ ಬಾಟಲಿ ಒಳಗೆ ಇರೋದೆಲ್ಲ ನೀರೇ. ಲಾರಿಗಟ್ಲೆ ಗಾಜು, ಅದರೊಳಗೆ ನೀರು, ಅದನ್ನ ಹೊತ್ಕಂಡು ಊರೂರು ತಿರುಗ್ತಾರೆ. ನೀರು ಎಲ್ಲಾ ಊರಲ್ಲೂ ಐತಲ್ಲ, ಯಾಕೆ ಹೊರಬೇಕು? ಬೀರು ಕಾಯ್ಸಿ, ಕಿಕ್ಕು ತೆಗೆದು, ಪುಡಿ ಮಾಡಿ ಕಳಿಸಿದ್ರೆ ಒಂದು ಚೀಲ ಒಂದು ಲಾರಿ ಬಾಟಲಿಗೆ ಸಮ ಆಯ್ತದೆ. ಅವ್ರು ಅವ್ರೂರ ನೀರು ಹಾಕಿ ಕದಡಿಕೊಳ್ಲಿ. ಹೊರದೇಶದಲ್ಲಿ ಆಗ್ಲೇ ಮಾಡ್ತಾವ್ರೆ."

"ಒಂದು ಲಾರೀನ ಒಂದು ಚೀಲದಾಗೆ ತುಂಬ್ತೀರಾ?" ಎಂದಳು ಪಾರ್ವತಿ.

"ಒಂದಲ್ದಿದ್ರೆ ಹತ್ತು ಅಂತಿಟ್ಕಳಿ," ಎಂದು ಅವನು ನಕ್ಕ.

ನನಗೆ ಬೀರೂ ಬೇಕಿರಲಿಲ್ಲ, ಹೊರದೇಶವೂ ಬೇಕಿರಲಿಲ್ಲ. ಡ್ರೈಯರ್ ಬೇಕಿತ್ತು. ಮಾರನೆಯ ದಿನವೇ ಹೋಗಿ ಬೀಗ ತೆಗೆಸಿದೆ. ಹಂಡೆಯೊಳಗೆ ಜೇಡ ಕಟ್ಟಿತ್ತು. ಬರಿಗೈಯಲ್ಲಿ ಒರೆಸಿದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಪುಡಿ ಬೀಳತೊಡಗಿತು. ನಸು ಹಳದಿ, ಮುಟ್ಟಿದರೆ ರೇಷ್ಮೆಯಷ್ಟು ನುಣುಪು. ಊರಿಗೆ ಸುದ್ದಿಯಾಗಲು ಎರಡು ದಿನವೂ ಬೇಕಾಗಲಿಲ್ಲ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ರುದ್ರಣ್ಣನ ಟೀ ಅಂಗಡಿ ಇದೆ. ನಾನು ದಿನಾ ಸಂಜೆ ಕೂರುವ ಜಾಗ. ಅಲ್ಲಿ ಅದಕ್ಕೆ ಬೀರ್ ಹಿಟ್ಟು ಎಂದು ಹೆಸರಿಟ್ಟರು.

"ಲೇ ತಿಮ್ಮಪ್ಪ," ರುದ್ರಣ್ಣ ಕೇಳಿದ, "ಒಂದು ಚಮಚ ಹಿಟ್ಟು ಬಾಯಿಗೆ ಹಾಕ್ಕಂಡು ಮೇಲೆ ಒಂದು ಚೊಂಬು ನೀರು ಕುಡಿದ್ರೆ, ಹೊಟ್ಟೇಲೇ ಬೀರಾಯ್ತದೇನೋ?"

"ಆಯ್ತದೆ. ನೊರೆ ಮೂಗಿಂದ ಬರ್ತದೆ."

"ಮುದ್ದೆಗೆ ಕಲಸಿದ್ರೆ?"

"ಮುದ್ದೇನೇ ಎದ್ದು ಕುಣೀತದೆ ಕಣೋ."

ಹೀಗೆ ನಗುತ್ತಿದ್ದೆವು. ನಾನೂ ಮನೆಯಲ್ಲಿ, ಅಂಗಡಿಯಲ್ಲಿ ಅದನ್ನು ಹಿಟ್ಟು ಎಂದೇ ಹೇಳುತ್ತಿದ್ದೆ. ಹಾಗೆ ಹೇಳಬೇಡಿ ಎಂದು ನನಗೆ ಹೇಳಿದವರು ಒಬ್ಬರೇ.

ಅವರನ್ನು ನಾವೆಲ್ಲ ಲ್ಯಾಬಮ್ಮ ಎನ್ನುತ್ತಿದ್ದೆವು. ಮೂವತ್ತು ವರ್ಷದ ಹೆಣ್ಣುಮಗಳು, ಊರು ಲಕ್ಕವಳ್ಳಿ, ತಂದೆ ಭದ್ರಾ ಅಣೆಕಟ್ಟೆಯಲ್ಲಿ ಗೇಟಿನ ಕೆಲಸ ಮಾಡಿ ನಿವೃತ್ತರಾದವರು. ಶಿವಮೊಗ್ಗದಲ್ಲಿ ಎಂಎಸ್ಸಿ ಓದಿ, ಎಲ್ಲೋ ದೂರದ ಬಿಸ್ಕತ್ತು ಕಾರ್ಖಾನೆಯಲ್ಲಿದ್ದವರು, ಊರಿಗೆ ಹತ್ತಿರವಾಗುತ್ತದೆಂದು ಇಲ್ಲಿಗೆ ಬಂದಿದ್ದರು. ಸ್ಟೇಷನ್ ರಸ್ತೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ನನ್ನನ್ನು ಯಜಮಾನ್ರೆ ಎಂದು ಕರೆಯುತ್ತಿದ್ದರು. ಡ್ರೈಯರ್‌ನ ಸದ್ದು ಕೇಳಿಯೇ ಒಳಗಿನ ಬಿಸಿ ಹೇಳುವುದನ್ನು ನಾನು ಅವರಿಗೆ ಕಲಿಸಿದೆ. ಅವರು ಕಣ್ಣು ಮುಚ್ಚಿ ನಿಂತು ಹೇಳುತ್ತಿದ್ದರು, ನಾನು ಮೀಟರಿನ ಮುಳ್ಳು ನೋಡುತ್ತಿದ್ದೆ. ಒಂದು ತಿಂಗಳಲ್ಲಿ ಸರಿಯಾಗಿ ಹೇಳತೊಡಗಿದರು. ಹತ್ತೊಂಬತ್ತು ವರ್ಷದಲ್ಲಿ ಯಾರೂ ನನ್ನಿಂದ ಅದನ್ನು ಕೇಳಿ ಕಲಿತಿರಲಿಲ್ಲ.

ಅವರ ಕೆಲಸ ಪುಡಿಯ ತೇವ ಅಳೆಯುವುದು, ರುಚಿ ನೋಡುವುದು. ಪ್ರತಿ ಸಲ ಪುಡಿ ಬಿದ್ದಾಗ ಒಂದು ಲೋಟ ತಣ್ಣೀರಿಗೆ ಎರಡು ಚಮಚ ಹಾಕಿ ಕದಡಿ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ಗಡಿಯಾರ ನೋಡುತ್ತಿದ್ದರು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಆಡಿಸಿ, ತೊಟ್ಟಿಗೆ ಉಗುಳಿ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅದರಲ್ಲಿ ಮತ್ತು ಬರುವಂಥದ್ದು ಏನೂ ಇರಲಿಲ್ಲ. ನನಗೆ ಅದು ಗೊತ್ತಿತ್ತು. ಕಾಫಿಯಷ್ಟೂ ಏರುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದ್ದೆಲ್ಲ ಇದು ನನಗೆ ಗೊತ್ತಿತ್ತು ಎಂಬುದರ ಮೇಲೆ ನಿಂತಿದೆ.

ಒಂದು ದಿನ ಲೋಟ ತೊಳೆಯುತ್ತ ಅವರು ಹೇಳಿದರು.

"ಯಜಮಾನ್ರೆ, ಎರಡು ಮಾತು ಕೇಳ್ಕೊಳ್ಲಾ? ಇದನ್ನ ಹಿಟ್ಟು ಅನ್ಬೇಡಿ. ಇದು ಹಿಟ್ಟಲ್ಲ, ಹಿಟ್ಟಿನ ಗುಣ ಇದಕ್ಕಿಲ್ಲ. ಗಾಳೀಲಿ ತೇವ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗಿ ಕುಡಿಯೋ ಸ್ವಭಾವ ಇದರದ್ದು."

"ಇನ್ನೊಂದು?"

"ಊರೊಳಗೆ ಬೀರು ಅಂತ್ಲೂ ಅನ್ಬೇಡಿ. ಬರೀ ಪುಡಿ ಅಂದ್ಬಿಡಿ. ದಿನಾ ಇದನ್ನ ಬಾಯಿಗಿಡೋಳು ನಾನು. ಒಬ್ಬಳೇ ಇರೋಳು. ಮನೆ ಓನರ್ ಅಮ್ಮ ಆಗ್ಲೇ ನನ್ನ ಉಸಿರು ಮೂಸೋ ಥರ ಹತ್ತಿರ ಬಂದು ಮಾತಾಡ್ತಾರೆ." ಹೇಳಿ ನಕ್ಕರು. ಆದರೆ ನಗುವ ವಿಷಯವಲ್ಲವೆಂದು ಮುಖ ಹೇಳುತ್ತಿತ್ತು.

"ನನ್ನ ಬಾಯಿಂದ ಬರಲ್ಲ ಬಿಡಿ ಅಮ್ಮ," ಎಂದೆ.

ಅವರ ಮೇಜಿನ ಮೇಲೆ ಅಂಗೈಯಗಲದ ಒಂದು ಬುದ್ಧನ ವಿಗ್ರಹ ಇತ್ತು, ತಂದೆ ಕೊಟ್ಟದ್ದು. ರುದ್ರಣ್ಣ ಒಮ್ಮೆ, ಆಯಮ್ಮ ಯಾವ ಪೈಕಿಯೋ, ಎಂದು ಕೇಳಿದ್ದ. ಮೇಜಿನ ಮೇಲೆ ಬುದ್ಧನ್ನ ಇಟ್ಕಂಡವ್ರೆ, ಎಂದಿದ್ದೆ. ಅಂಗಡಿಯಲ್ಲಿದ್ದವರೆಲ್ಲ, ಓ, ಎಂದು ಸುಮ್ಮನಾದರು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು.

ಆಷಾಢ ಕಳೆಯುತ್ತ ಬಂದಾಗ ಮಂಗಳೂರಿನ ಒಬ್ಬ ವ್ಯಾಪಾರಿ ಒಪ್ಪಿದ. ಹಡಗಿನಲ್ಲಿ ಹೊರಗೆ ಕಳಿಸುವವನು. ಮೊದಲು ಆರು ಚೀಲ ನೋಡುತ್ತೇನೆ, ಪುಡಿ ಪುಡಿಯಾಗಿಯೇ ಇದ್ದರೆ ಇಡೀ ವರ್ಷದ ಮಾಲು ನಿಮ್ಮದೇ, ಎಂದ. ಸೋಮವಾರ ಅವನ ಕಡೆಯವರು ಬರುವುದೆಂದಾಯಿತು. ಆ ಆರು ಚೀಲದ ಮೇಲೆ ಕಾರ್ಖಾನೆಯ ಭವಿಷ್ಯ ನಿಂತಿತ್ತು. ನನ್ನ ಡ್ರೈಯರ್ ಕೂಡ.

ನಮ್ಮಲ್ಲಿ ಮಳೆ ಪಶ್ಚಿಮದಿಂದ ಬರುತ್ತದೆ. ಹೆಬ್ಬೆ, ಕೆಮ್ಮಣ್ಣುಗುಂಡಿಯ ಬೆಟ್ಟಗಳ ಮೇಲೆ ಸುರಿದು, ತರೀಕೆರೆಯಲ್ಲಿ ಅರ್ಧ ಖಾಲಿಯಾಗಿ, ಅಜ್ಜಂಪುರಕ್ಕೆ ಬರುವಷ್ಟರಲ್ಲಿ ಗಾಳಿ ಮತ್ತು ತುಂತುರು ಉಳಿದಿರುತ್ತದೆ. ಸಿಂಗಟಗೆರೆ ಕಡೆಗಂತೂ ಅದೂ ಇಲ್ಲ. ಆ ವರ್ಷ ಹಾಗಾಗಲಿಲ್ಲ. ಹದಿನೈದು ದಿನ ಸೂರ್ಯ ಕಾಣಲಿಲ್ಲ. ಬೆಂಕಿಪೊಟ್ಟಣ ಗೀರಿದರೆ ಹತ್ತುತ್ತಿರಲಿಲ್ಲ. ಲ್ಯಾಬಮ್ಮ ಗಂಟೆಗೊಮ್ಮೆ ಪ್ಯಾಕಿಂಗ್ ಕೋಣೆಗೆ ಹೋಗಿ ಗಾಳಿಯ ತೇವ ನೋಡಿ ಬರುತ್ತಿದ್ದರು, ನಾನು ಡ್ರೈಯರ್ ಸುತ್ತ ಸುತ್ತುತ್ತಿದ್ದೆ. ಇಬ್ಬರಿಗೂ ಕೂತು ಊಟ ಮಾಡಿದ ನೆನಪಿಲ್ಲ.

ಶನಿವಾರ ಆರನೆಯ ಚೀಲ ತುಂಬಿದ ಮೇಲೆ ಅವರು ತೇವ ಅಳೆದರು. ಮುಖ ಸ್ವಲ್ಪ ಬಿಗಿಯಾಯಿತು.

"ಎಷ್ಟು ಬಂತಮ್ಮ?"

"ನೂರಕ್ಕೆ ನಾಲ್ಕು. ಮೂರೂವರೆ ಒಳಗಿರಬೇಕಿತ್ತು. ಡ್ರೈಯರಿಂದಲೇ ಒಂಚೂರು ಹಸಿ ಬರ್ತಿರಬಹುದು."

"ನನ್ನ ಡ್ರೈಯರಿಂದ ಹಸಿ ಬರಕ್ಕೆ ಸಾಧ್ಯವೇ ಇಲ್ಲ."

"ಬೈತಿಲ್ಲ ಯಜಮಾನ್ರೆ. ನಾಲ್ಕಾದ್ರೂ ನಡೀತದೆ. ಬಾಯಿ ಬಿಗಿದುಬಿಟ್ಟಿದೀನಿ. ಸೋಮವಾರದವರೆಗೆ ಯಾರೂ ಬಿಚ್ಚೋದು ಬೇಡ. ಒಳಗಿರೋದು ಒಳಗೇ ಇರಲಿ."

ಅವರು ಸಂಜೆಯ ಬಸ್ಸಿಗೆ ಲಕ್ಕವಳ್ಳಿಗೆ ಹೋದರು. ಪ್ಯಾಕಿಂಗ್ ಕೋಣೆಯ ಕೀಲಿ ನನ್ನ ಹತ್ತಿರ ಉಳಿಯಿತು. ಆ ನಾಲ್ಕು ಎಂಬ ಅಂಕಿಯೂ ಉಳಿಯಿತು. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದೆ. ಸೋಮವಾರ ಆ ಮಂಗಳೂರಿನವನ ಎದುರು, ಡ್ರೈಯರ್ ಹಸಿ ಪುಡಿ ಕೊಡುತ್ತದೆ ಎಂದು ಇವರು ಹೇಳಿದರೆ?

ಭಾನುವಾರ ಬೆಳಿಗ್ಗೆ ಎದ್ದರೆ ಬಿಸಿಲು. ಹದಿನೈದು ದಿನದ ಮೇಲಿನ ಬಿಸಿಲು, ಕಣ್ಣು ಕುಕ್ಕುವಂಥದ್ದು. ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಕಂಬಳಿ, ಹಾಸಿಗೆ, ಬೇಳೆ, ಹಿಟ್ಟು ಹೊರಗೆ ಬಂದವು. ಪಾರ್ವತಿ ಮೆಣಸಿನಕಾಯಿ ಹರವಲು ಟಾರ್ಪಾಲು ಕೊಡವುತ್ತಿದ್ದಳು. ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

"ಎಲ್ಲಿಗೆ?" ಎಂದಳು.

"ಫ್ಯಾಕ್ಟ್ರಿಗೆ. ಹಿಟ್ಟಿಗೆ ಒಂಚೂರು ಬಿಸಿಲು ಬೇಕು."

ಬಾಯಿಂದ ಬಂದ ಮಾತೇ ಅದು. ಹಿಟ್ಟು. ಎಪ್ಪತ್ತು ವರ್ಷ ಹತ್ತಿರವಾದ ದೇಹ, ಹಿಟ್ಟು ತೇವವಾದರೆ ಬಿಸಿಲಿಗೆ ಹಾಕಬೇಕು ಎಂಬುದನ್ನು ಯಾರೂ ಹೇಳಿಕೊಡದೆ ತಿಳಿದದ್ದು. ಕಾರ್ಖಾನೆಯ ಅಂಗಳದ ಸಿಮೆಂಟಿನ ಮೇಲೆ ಟಾರ್ಪಾಲು ಹಾಸಿ, ಚೀಲದ ಬಾಯಿ ಬಿಚ್ಚಿ, ಮೂರು ಚೀಲ ಹರವಿದೆ. ಅವನ್ನು ತುಂಬಿ ಇನ್ನು ಮೂರು. ಚಿನ್ನದಂತೆ ಹೊಳೆಯುತ್ತಿತ್ತು. ಬೆರಳಲ್ಲಿ ಸಾಲು ಎಳೆದೆ, ರಾಗಿ ಹಿಟ್ಟಿಗೆ ಎಳೆಯುವಂತೆ. ನಾಳೆ ಮೂರಕ್ಕೆ ಇಳಿದಿರುತ್ತದೆ, ಲ್ಯಾಬಮ್ಮ ಆಶ್ಚರ್ಯ ಪಡಲಿ, ಅಂದುಕೊಂಡೆ.

ಹದಿನೈದು ದಿನ ನೆಂದ ನೆಲದಿಂದ ಹಬೆ ಏಳುತ್ತಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಅದು ಏನೆಂದು ತಿಳಿಯಲಿಲ್ಲ. ಹನ್ನೊಂದರ ಹೊತ್ತಿಗೆ ಪುಡಿ ಬೆರಳಿಗೆ ಅಂಟತೊಡಗಿತು. ಬಿಸಿಲಿಗೆ ಹಾಗಾಗುತ್ತದೆ, ತಣ್ಣಗಾದರೆ ಬಿಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ತರೀಕೆರೆ ಕಡೆಯಿಂದ ಮೋಡ ಎದ್ದಿತು. ಬಾಚಿ ತುಂಬಿ, ಬಾಯಿ ಬಿಗಿದು, ಅವರು ಇಟ್ಟಿದ್ದ ಸಾಲಿನಲ್ಲೇ ಇಟ್ಟು ಬೀಗ ಹಾಕಿದೆ.

ಸೋಮವಾರ ಬಂದವನು ಮೊದಲ ಚೀಲ ಬಿಚ್ಚಿ ಕೈ ಹಾಕಿದ. ಕೈ ಒಳಗೆ ಹೋಗಲಿಲ್ಲ. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುವಂತೆ ತಟ್ಟಿದ. ಸದ್ದು ಬಂತು.

"ಇದೇನು ಮಾರಾಯ್ರೆ, ಬೆಲ್ಲದ ಅಚ್ಚಾ?" ಎಂದ.

ಆರೂ ಚೀಲ ಹಾಗೇ. ಪ್ರಶಾಂತ ಒಂದು ಗಡ್ಡೆಯನ್ನು ಕೈಯಲ್ಲಿ ಹಿಡಿದು ನಿಂತವನು ಅದನ್ನು ಕೆಳಗಿಡುವುದನ್ನೇ ಮರೆತಿದ್ದ. ಮಂಗಳೂರಿನವನು ಕಾಫಿಯನ್ನೂ ಕುಡಿಯದೆ ಹೋದ.

"ಏನ್ರೀ ಇದು?" ಎಂದು ಪ್ರಶಾಂತ ಲ್ಯಾಬಮ್ಮನನ್ನು ಕೇಳಿದ. "ನೀವೇ ತಾನೆ ಅಳೆದಿದ್ದು? ನೀವೇ ತಾನೆ ಬಾಯಿ ಕಟ್ಟಿದ್ದು?"

ಅವರು ಒಂದು ಗಡ್ಡೆಯನ್ನು ಮೇಜಿನ ಅಂಚಿಗೆ ಕುಟ್ಟಿ ಒಡೆದರು. ಒಡೆದ ಮುಖದಲ್ಲಿ ಏನೋ ಕಂಡಿತು. ಉಗುರಿನಿಂದ ಎತ್ತಿ ಅಂಗೈ ಮೇಲಿಟ್ಟುಕೊಂಡರು. ಒಂದು ಮೆಣಸಿನಕಾಯಿ ಬೀಜ. ಅದನ್ನು ನೋಡಿದರು, ಹೊರಗಿನ ಸಿಮೆಂಟಿನ ಅಂಗಳ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಮುಖ ನೋಡಲಿಲ್ಲ.

"ಸರ್, ನನಗೆ ಮೂರು ದಿನ ಕೊಡಿ," ಎಂದರು. "ಕಾರಣ ಬರೆದು ಕೊಡ್ತೀನಿ."

ಆ ಮೂರು ದಿನ ಅವರು ಕೇಳಿದ್ದು ತಮಗಲ್ಲ. ನನಗೆ. ಇದು ಆವತ್ತೇ ನನಗೆ ತಿಳಿದಿತ್ತು.

ಮೊದಲ ದಿನ ಡ್ರೈಯರ್ ಹತ್ತಿರ ಬಂದು ಕೇಳಿದರು. "ಭಾನುವಾರ ಇಲ್ಲಿ ಬಿಸಿಲು ಚೆನ್ನಾಗಿತ್ತಂತೆ ಯಜಮಾನ್ರೆ?"

"ನಮ್ಮ ಬೀದೀಲಿ ಮೋಡವೇ ಇತ್ತು," ಎಂದೆ. ಒಂದು ಊರಿನಲ್ಲಿ ಒಂದು ಬೀದಿಗೆ ಮಾತ್ರ ಮೋಡ.

ಎರಡನೆಯ ದಿನ ಬಂದು ಪಕ್ಕದಲ್ಲಿ ಕೂತರು. "ತಪ್ಪು ಯಾರಿಂದಾದ್ರೂ ಆಗ್ತದೆ. ನನ್ನಿಂದಲೂ ಆಗಿದೆ, ಬಿಸ್ಕತ್ತು ಫ್ಯಾಕ್ಟ್ರೀಲಿ ಒಂದು ದಿನದ ಮಾಲು ಉಪ್ಪು ಮಾಡಿದ್ದೆ. ಹೇಳ್ಬಿಟ್ರೆ ಅರ್ಧ ಹಗುರ," ಎಂದರು. ನಾನು ಸ್ಪ್ಯಾನರ್ ಹುಡುಕುವವನಂತೆ ಎದ್ದು ಹೋದೆ. ಹೇಳಬೇಕೆಂದು ಬಾಯಿಗೆ ಬಂದಿತ್ತು. ಹೇಳಿದರೆ ನಾಳೆಯಿಂದ ಮತ್ತೆ ಜಗಲಿ. ಡ್ರೈಯರ್ ತಿಮ್ಮಪ್ಪ ಹಿಟ್ಟು ಒಣಗಿಸಲು ಹೋಗಿ ಕಲ್ಲು ಮಾಡಿದ ಎಂದು ಊರೆಲ್ಲ ನಗುತ್ತದೆ.

ಆ ಸಂಜೆ ರುದ್ರಣ್ಣನ ಅಂಗಡಿಯಲ್ಲಿ ಅದೇ ನಗು ಶುರುವಾಗಿತ್ತು.

"ಏನಪ್ಪಾ, ಕಲ್ಲು ಬೀರು ಮಾಡಿದ್ರಂತೆ? ಮನೆ ಕಟ್ಟಾಕೆ ಎರಡು ಲೋಡು ಕಳ್ಸೋ."

"ಡ್ರೈಯರ್ ಕೈ ಕೊಡ್ತೋ, ಡ್ರೈಯರ್ ತಿಮ್ಮಪ್ಪನೇ ಕೈ ಕೊಟ್ಟನೋ?" ಎಂದ ಇನ್ನೊಬ್ಬ.

ನಾನು ಲೋಟ ಕೆಳಗಿಟ್ಟೆ. ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಬದಲಾಯಿಸುವುದಿಲ್ಲ.

"ನಂದೇನಿಲ್ಲ ಕಣ್ರೋ. ಆ ಲ್ಯಾಬಮ್ಮ ಬೆಳಿಗ್ಗೆಯಿಂದ ಬೀರು ಕುಡಿದು ಕುಡಿದು ನೋಡ್ತಾಳೆ. ತಲೆ ನೆಟ್ಟಗಿದ್ರೆ ತಾನೆ ನಂಬರು ನೆಟ್ಟಗೆ ಬರೋದು."

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ರುದ್ರಣ್ಣ, "ಓ, ಹಂಗೋ," ಎಂದ. ಹಿಂದೆ ಬುದ್ಧನ ಮಾತು ಬಂದಾಗ ಎದ್ದ ಅದೇ ಓ. ಇದೂ ನಿಜ, ಬರೆಯಬೇಕು: ಅವರು ಯಾರ ಪೈಕಿ ಎಂದು ಅಂಗಡಿಗೆ ಗೊತ್ತಿತ್ತು, ಹಾಗಾಗಿ ಈ ಮಾತನ್ನು ಬೇಗ ನಂಬುತ್ತಾರೆ ಎಂದು ನನಗೂ ಗೊತ್ತಿತ್ತು. ಆಡುವಾಗ ಗೊತ್ತಿತ್ತು. ಯಾವತ್ತೂ ಅವರನ್ನು ಏಕವಚನದಲ್ಲಿ ಅನ್ನದ ನಾಲಿಗೆ ಆವತ್ತು 'ನೋಡ್ತಾಳೆ' ಎಂದದ್ದು ಅದಕ್ಕೇ.

ಮಾರನೆಯ ದಿನ ಮನೆ ಓನರ್ ಅಮ್ಮ ಅವರ ಕೋಣೆಯ ಸಾಮಾನು ಹೊರಗಿಡಲು ಹೇಳಿದಳು. ಸಂಜೆಯೊಳಗೆ ಮಾತು ಕಡೂರಿನ ಮಂಡಿ ಮುಟ್ಟಿತು, ಪ್ರಶಾಂತನ ತಂದೆಯ ಕಿವಿಗೆ. ಪ್ರಶಾಂತ ನನ್ನನ್ನು ಪಕ್ಕಕ್ಕೆ ಕರೆದ.

"ಅದ್ರಲ್ಲಿ ಕಿಕ್ಕಿಲ್ಲ ಅಂತ ನನಗೂ ಗೊತ್ತು ಕಣ್ರೀ, ನಿಮಗೂ ಗೊತ್ತು. ಅಪ್ಪನಿಗೆ ಹೆಂಗೆ ಹೇಳಾದು? ಕುಡಿಯೋ ಹೆಂಗಸನ್ನ ಇಟ್ಕಂಡು ಕಂಪನಿ ನಡೆಸ್ತೀಯಾ ಅಂತಾರೆ. ಈ ಮಾತು ಯಾರು ಎಬ್ಬಿಸಿದ್ರು ಅಂತೇನಾದ್ರೂ ಗೊತ್ತಾ?"

"ಊರು ಸಾರ್. ಏನಾದ್ರೂ ಅಂತಿರ್ತದೆ," ಎಂದೆ.

ನಾಲ್ಕನೆಯ ದಿನ ಮಧ್ಯಾಹ್ನ, ಲೆಕ್ಕ ಚುಕ್ತಾ ಆದ ಮೇಲೆ, ಅವರು ಚೀಲ ಹೆಗಲಿಗೆ ಹಾಕಿಕೊಂಡು, ಬುದ್ಧನನ್ನು ಟವೆಲಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದು ಡ್ರೈಯರ್ ಹತ್ತಿರ ಬಂದರು. ಮಳೆ ಹನಿಯುತ್ತಿತ್ತು. ನಾನು ಎದ್ದು ನಿಂತೆ.

"ಕೆಳಗಿನ ಬಾಗಿಲ ರಬ್ಬರು ಹೋಗಿದೆ ಯಜಮಾನ್ರೆ, ನಿನ್ನೆ ನೋಡ್ದೆ. ಅಲ್ಲಿಂದ ಹೊರಗಿನ ಗಾಳಿ ಸೇರ್ಕೊಳ್ತಿದೆ. ಅದಕ್ಕೇ ನಾಲ್ಕು ಬಂದಿದ್ದು. ಬದಲಾಯಿಸಿಬಿಡಿ, ನಿಮ್ಮ ಡ್ರೈಯರ್ ಚೆನ್ನಾಗಿಯೇ ಇದೆ."

"ಹೂಂ," ಎಂದೆ.

"ಬರ್ತೀನಿ."

"ಹೂಂ."

ಗೇಟಿನ ತನಕ ನೋಡುತ್ತ ನಿಂತಿದ್ದೆ. ಅವರು ತಿರುಗಿ ನೋಡಲಿಲ್ಲ. ತರೀಕೆರೆ ಬಸ್ಸು ಬಂದು ನಿಂತು ಹೋಯಿತು. ರಬ್ಬರು ಕಿತ್ತು ನೋಡಿದೆ. ಅವರು ಹೇಳಿದ ಜಾಗದಲ್ಲೇ ಸೀಳಿತ್ತು.

ಆಮೇಲೆ ಪುಡಿ ಸರಿಯಾಗಿ ಬೀಳಲೇ ಇಲ್ಲ. ಅಳೆಯುವವರಿಲ್ಲ, ನೊರೆ ನೋಡುವವರಿಲ್ಲ. ದೀಪಾವಳಿಯ ಹೊತ್ತಿಗೆ ಪ್ರಶಾಂತ ಕೈಬಿಟ್ಟ. ಡ್ರೈಯರನ್ನು ತುಂಡು ಮಾಡಿ ಲಾರಿಗೆ ಹಾಕಿದರು. ಯಾವ ಜಗಲಿಗೆ ಹೆದರಿ ಬಾಯಿ ಮುಚ್ಚಿದ್ದೆನೋ ಅದೇ ಜಗಲಿಗೆ ಬಂದು ಕೂತೆ. ಆಫೀಸಿನ ಹಳೆಯ ಕಾಗದಗಳನ್ನು ಸುಡಲು ಹೇಳಿದ್ದರು. ಎಲ್ಲ ಸುಟ್ಟೆ, ಅವರ ರಿಜಿಸ್ಟರ್ ಒಂದನ್ನು ಬಿಟ್ಟು.

ಎರಡು ಸಲ ಲಕ್ಕವಳ್ಳಿಗೆ ಹೋದೆ. ಮೊದಲ ಸಲ ಬಸ್ಸಿಳಿದು, ಕಟ್ಟೆಯ ತನಕ ನಡೆದು, ನೀರು ನೋಡಿ ವಾಪಸು ಬಂದೆ. ಎರಡನೆಯ ಸಲ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅಲ್ಲೇ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರೇ ಅವರ ತಂದೆ.

"ಯಾವೂರಾಯ್ತು?" ಎಂದು ಕೇಳಿದರು.

"ಅಜ್ಜಂಪುರದ ಕಡೆ."

"ನನ್ನ ಮಗಳು ಅಲ್ಲೇ ಇದ್ಲು ಒಂದು ಮಳೆಗಾಲ. ಈಗ ಗೋವಾ ಕಡೆ ಒಂದು ಕಂಪನೀಲವಳೆ, ಅದೇ ಪುಡಿ ಕೆಲಸ. ಅಲ್ಲಿ ಒಬ್ಬರು ಯಜಮಾನ್ರು ಇದ್ರಂತೆ. ಮಿಷಿನ್ನಿನ ಸದ್ದು ಕೇಳಿ ಬಿಸಿ ಹೇಳೋದು ಕಲಿಸಿದ್ರಂತೆ. ಈಗ್ಲೂ ಹೇಳ್ತಾಳೆ. ನಿಮಗೆ ಗೊತ್ತಾ ಅವರು?"

"ಇಲ್ಲ."

"ಫೋನ್ ಮಾಡ್ಲಾ? ಊರಿನೋರು ಅಂದ್ರೆ ಖುಷಿ ಪಡ್ತಾಳೆ."

ಅವರು ಜೇಬಿನಿಂದ ಫೋನ್ ತೆಗೆದರು. ಬಸ್ಸು ಬಂತು ಎಂದು ಎದ್ದೆ. ಬಸ್ಸು ಬಂದಿರಲಿಲ್ಲ. ತರೀಕೆರೆ ದಾರಿಯಲ್ಲಿ ಎರಡು ಮೈಲಿ ನಡೆದ ಮೇಲೆ ಸಿಕ್ಕಿತು.

ಪೊಟ್ಟಣದ ಮೇಲಿನ ಆ ಮಾತು ಅವರೇ ಬರೆಸಿದ್ದು ಎಂದು ನಾನು ಹೇಳಲಾರೆ. ಪೊಟ್ಟಣದಲ್ಲಿ ಊರಿನ ಹೆಸರು ಹುಡುಕಿದೆ, ಗೋವಾ ಎಂದೇನೂ ಇಲ್ಲ. ಬೇರೆ ಯಾರೋ ಬರೆಸಿರಬಹುದು. ನನ್ನಂಥವನು ಇನ್ನೊಬ್ಬ ಎಲ್ಲೋ ಇರಬಹುದು. ಆದರೆ ಅದನ್ನು ಓದಿದಂದಿನಿಂದ ನಾನು ಒಂದು ಊಟವನ್ನೂ ಕೂತು ಮುಗಿಸಿ ಎದ್ದಿಲ್ಲ. ನಿನ್ನೆ ಪಾರ್ವತಿಗೆ ಎಲ್ಲ ಹೇಳಿದೆ. ಅವಳು, "ಮೆಣಸಿನಕಾಯಿ ಟಾರ್ಪಾಲು ಸರಿಯಾಗಿ ಕೊಡವಿದ್ದೆ ಕಣ್ರೀ ನಾನು," ಎಂದಳು. ಆಮೇಲೆ, "ಕೊಡವದೇ ಇದ್ದಿದ್ರೇ ಒಳ್ಳೇದಿತ್ತು. ಇನ್ನೂ ನಾಕು ಬೀಜ ಸಿಗ್ತಿದ್ವು, ಎಲ್ಲರ ಕಣ್ಣಿಗೂ ಬೀಳ್ತಿತ್ತು," ಎಂದು ಒಳಗೆ ಹೋದಳು.

ಹಿಟ್ಟು ಅಂದುಕೊಂಡು ಬಿಸಿಲಿಗೆ ಹಾಕಿದೆ, ಅದು ಅರಿಯದೆ ಆದದ್ದು. ಬೀರು ಅಂದೆನಲ್ಲ, ಅದು ಅರಿತು ಆಡಿದ್ದು. ಎರಡೂ ಅವರು ಬೇಡವೆಂದ ಮಾತುಗಳೇ.

ಈಗ ರಿಜಿಸ್ಟರ್ ತೆರೆದಿಟ್ಟುಕೊಂಡಿದ್ದೇನೆ. ಆ ಸೋಮವಾರದ ಸಾಲು ಇದೆ. ಚೀಲ, ಆರು. ಸ್ಥಿತಿ, ಗಟ್ಟಿ. ಕಂಡ ವಸ್ತು, ಮೆಣಸಿನ ಬೀಜ ಒಂದು. ಕೊನೆಯಲ್ಲಿ ಷರಾ ಎಂಬ ಮನೆ, ಯಾಕೆ ಹೀಗಾಯಿತು ಎಂದು ಬರೆಯುವ ಜಾಗ. ಉಳಿದ ಎಲ್ಲ ಸಾಲಿನಲ್ಲೂ ಅವರು ಅಲ್ಲಿ ಏನಾದರೂ ಬರೆದಿದ್ದಾರೆ. ಈ ಒಂದು ಸಾಲಿನಲ್ಲಿ ಖಾಲಿ ಬಿಟ್ಟಿದ್ದಾರೆ. ಮೂರು ವರ್ಷದಿಂದ ಖಾಲಿ ಇದೆ. ಇವತ್ತು ಅಲ್ಲಿ ಬರೆದೆ: "ಭಾನುವಾರ ಚೀಲ ಬಿಚ್ಚಿ ಬಿಸಿಲಿಗೆ ಹಾಕಿದವನು ನಾನು. ಕುಡಿಯುತ್ತಾರೆ ಎಂದು ಸುಳ್ಳು ಹೇಳಿದವನೂ ನಾನೇ. ತಿಮ್ಮಪ್ಪ." ಜಾಗ ಸಾಲದೆ ಕೊನೆಯ ಅಕ್ಷರಗಳು ಪಕ್ಕದ ಮನೆಗೆ ಹೋದವು. ಅದು ಸಹಿಯ ಮನೆ. ಅಲ್ಲಿ ನೀಲಿ ಶಾಯಿಯಲ್ಲಿ ದುಂಡಗಿನ ಕನ್ನಡ ಸಹಿ ಇದೆ.

ಇಷ್ಟುದ್ದ ಬರೆದರೂ ಲ್ಯಾಬಮ್ಮ ಎಂದೇ ಬರೆದುಕೊಂಡು ಬಂದೆ. ಎದುರಿಗಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ಹೋದ ಮೇಲೆ ಹೆಸರೆತ್ತುವ ಮುಖ ಉಳಿಯಲಿಲ್ಲ. ಇದನ್ನು ಓದುವ ಅಜ್ಜಂಪುರದವರು ಯಾರಾದರೂ ಇದ್ದರೆ, ಆ ಮಳೆಗಾಲದಲ್ಲಿ ನಮ್ಮೂರು ಯಾರನ್ನು ಕುಡುಕಿ ಎಂದಿತೋ, ಯಾರ ಹತ್ತಿರ ನಾನು ಇನ್ನೂ ತಪ್ಪಾಯಿತು ಎಂದಿಲ್ಲವೋ, ಅವರ ಹೆಸರು ಸುಜಾತ.